ಕುರ್ಚಿಗೆ ರಾಜನ ಹೆಸರು, ಕೆಲಸ ಬಡಗಿಯದು

(ಗಿರಣಿ ಕೆಲಸಗಾರರ ವಾಚನಾಲಯದಲ್ಲಿ ಶನಿವಾರ ಸಂಜೆ ಮಾಡಿದ ಭಾಷಣದ ಪಾಠ)



ನಾವು ಒಳಗೆ ಕಾಲಿಟ್ಟ ಕೂಡಲೆ ಕಾರ್ಯದರ್ಶಿಗಳು ಒಂದು ಕುರ್ಚಿ ತರಿಸಿ, ಧೂಳು ಒರೆಸಿ, ನಮ್ಮನ್ನು ಅದರ ಮೇಲೆ ಕೂರಿಸಿದರು. ನೀವೆಲ್ಲ ಜಮಖಾನದ ಮೇಲೆ ಕೂತಿರಿ. ಆಮೇಲೆ ಪೇಟೆಯ ಇಬ್ಬರು ಹಿರಿಯ ವರ್ತಕರು ಬಂದರು, ಅವರಿಗೆ ಬೆಂಚು ಬಂತು. ಪಾಳಿ ಮುಗಿಸಿ ನೇರವಾಗಿ ಬಂದ ನಾಲ್ಕಾರು ಮಂದಿ ಬಾಗಿಲ ಹತ್ತಿರ ಇನ್ನೂ ನಿಂತೇ ಇದ್ದಾರೆ. ಇಂಥವರಿಗೆ ಇಂಥ ಆಸನವೆಂದು ಯಾರೂ ಹುಕುಂ ಹೊರಡಿಸಲಿಲ್ಲ. ಆದರೂ ಅದು ತಾನಾಗಿಯೇ ನಡೆದುಹೋಯಿತು. ಇಂದು ನಾವು ಮಾತನಾಡಬೇಕೆಂದಿರುವುದು ಇದರ ವಿಷಯವಾಗಿಯೇ. ಕುರ್ಚಿ, ಮೇಜು, ಬೀರು ಮುಂತಾದ ಮರದ ಸಾಮಾನುಗಳ ಚರಿತ್ರೆ ಎಂದರೆ ನಗಬೇಡಿ. ರಾಜ ಮಹಾರಾಜರ ಚರಿತ್ರೆಯಲ್ಲಿ ಸಿಕ್ಕದ ಕೆಲವು ಸಂಗತಿಗಳು ಇಲ್ಲಿ ಸಿಕ್ಕುತ್ತವೆ.

ನಮ್ಮ ಮನೆಗಳಲ್ಲಿ ಹಿಂದಿನಿಂದ ಇದ್ದದ್ದು ಮಣೆ ಮತ್ತು ಮಂಚ. ಕುರ್ಚಿ ಎಂಬ ಮಾತು ಅರಬ್ಬಿಯಿಂದ ಬಂದದ್ದು. ಅಲಮಾರು ಪೋರ್ಚುಗೀಸರ ಮಾತು. ನಿಮ್ಮ ಅಂಗಡಿಯ ಲೆಕ್ಕದ ಪುಸ್ತಕ ಇಡುವ ಬೀರು ಇದೆಯಲ್ಲ, ಅದು ಫ್ರೆಂಚರ ‘ಬ್ಯೂರೋ’. ಬ್ಯೂರೋ ಎಂದರೆ ಬರೆಯುವ ಮೇಜು. ಅದೇ ಮಾತು ಆಮೇಲೆ ಕಚೇರಿಗೂ ಆಯಿತು. ಆ ಬ್ಯೂರೋಗಳಲ್ಲೆಲ್ಲ ಅತಿ ಹೆಸರಾದ ಒಂದರ ಕಥೆಯನ್ನು ನಿಮಗೆ ಹೇಳಲಿದ್ದೇವೆ. ಆದರೆ ಅದಕ್ಕೆ ಮುಂಚೆ ಆ ಊರಿನ ರಿವಾಜು ಸ್ವಲ್ಪ ತಿಳಿದಿರಬೇಕು.

ಫ್ರಾನ್ಸಿನ ರಾಜ 14ನೆಯ ಲೂಯಿ 1643ರಿಂದ 1715ರವರೆಗೆ ಪಟ್ಟದಲ್ಲಿದ್ದ. ಅವನ ವರ್ಸೇಲ್ಸ್ ಅರಮನೆಯಲ್ಲಿ ಯಾರು ಯಾವುದರ ಮೇಲೆ ಕೂರಬೇಕೆಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿತ್ತು. ಕೈಯಿರುವ ಕುರ್ಚಿ ರಾಜ ರಾಣಿಯರಿಗೆ. ಅವರ ಎದುರಿನಲ್ಲಿ ಬೆನ್ನೂ ಇಲ್ಲದ ಕೈಯೂ ಇಲ್ಲದ ಒಂದು ಸ್ಟೂಲಿನ ಮೇಲೆ ಕೂರುವ ಹಕ್ಕು ಡಚೆಸ್ ಎಂಬ ಬಿರುದಿನ ಹೆಂಗಸರಿಗೆ ಇತ್ತು. ಮಿಕ್ಕ ಶ್ರೀಮಂತರೆಲ್ಲ ಗಂಟೆಗಟ್ಟಲೆ ನಿಂತಿರಬೇಕು. ಆ ಒಂದು ಸ್ಟೂಲಿಗಾಗಿ ದೊಡ್ಡ ದೊಡ್ಡ ಮನೆತನಗಳು ಹಟ ಹಿಡಿದು ಜಗಳವಾಡಿದವು. ನಮ್ಮಲ್ಲಿ ‘ಕುರ್ಚಿ ಜಗಳ’ ಎಂದರೆ ಪುರಸಭೆಯದು ಎಂದು ತಿಳಿಯುತ್ತೇವೆ. ಅಲ್ಲಿ ಅಕ್ಷರಶಃ ಕುರ್ಚಿಗೇ ಜಗಳ. ಅದೇ ರಾಜ ಅರಮನೆಯ ತುಂಬ ಬೆಳ್ಳಿಯ ಮೇಜು, ಬೆಳ್ಳಿಯ ಆಸನ ಮಾಡಿಸಿಟ್ಟಿದ್ದ. 1689ರಲ್ಲಿ ಯುದ್ಧದ ಖರ್ಚಿಗೆ ಹಣ ಸಾಲದೆ ಹೋದಾಗ ಅವನ್ನೆಲ್ಲ ಕರಗಿಸಿ ನಾಣ್ಯ ಹಾಕಿಸಿದ. ಅಷ್ಟು ಬೆಳ್ಳಿಯನ್ನು ಕಡೆದು ಕೊರೆದ ಕೆಲಸಗಾರರ ದುಡಿಮೆ ಕುಲುಮೆಯ ಪಾಲಾಯಿತು. ಮರದ್ದು ಮಾತ್ರ ಉಳಿಯಿತು. ಮರವನ್ನು ಕರಗಿಸಲಾಗುವುದಿಲ್ಲ, ಅಷ್ಟೇ ಅದರ ಪುಣ್ಯ.

ಈಗ ಯಾವ ಪೀಠೋಪಕರಣದ ಪುಸ್ತಕ ತೆಗೆದರೂ ಕಾಣುವುದು ಹೀಗೆ: 14ನೆಯ ಲೂಯಿ ಶೈಲಿ ಎಂದರೆ ಭಾರವಾದದ್ದು, ನೆಟ್ಟಗಿನದು, ಹೊಂಬಣ್ಣದ ತಗಡು ಹೊಡೆದದ್ದು. 15ನೆಯ ಲೂಯಿ ಶೈಲಿ ಎಂದರೆ ಕಾಲುಗಳೆಲ್ಲ ಬಳುಕಿದ್ದು, ಪೆಟ್ಟಿಗೆಯ ಹೊಟ್ಟೆ ಉಬ್ಬಿದ್ದು, ನೆಟ್ಟಗಿನ ಗೆರೆ ಎಲ್ಲಿಯೂ ಇಲ್ಲದ್ದು. 16ನೆಯ ಲೂಯಿ ಶೈಲಿ ಎಂದರೆ ಮತ್ತೆ ನೆಟ್ಟಗಾದ, ಕೆಳಗೆ ಬರುಬರುತ್ತ ಸಪೂರವಾಗುವ, ಉದ್ದಕ್ಕೂ ಗೀರು ಹೊಡೆದ ಕಾಲುಗಳದ್ದು. 1738ರಲ್ಲಿ ಹರ್ಕ್ಯುಲೇನಿಯಂ, 1748ರಲ್ಲಿ ಪಾಂಪೆ, ಹೀಗೆ ಇಟಲಿಯಲ್ಲಿ ಹೂತುಹೋಗಿದ್ದ ಹಳೆಯ ರೋಮನ್ ಊರುಗಳನ್ನು ಅಗೆದು ತೆಗೆಯತೊಡಗಿದ ಮೇಲೆ ಈ ನೆಟ್ಟಗಿನ ಚಾಳಿ ಬಂತು. ಆದರೆ ಒಂದು ಮೋಜು ನೋಡಿ. 16ನೆಯ ಲೂಯಿ ಪಟ್ಟಕ್ಕೆ ಬಂದದ್ದು 1774ರಲ್ಲಿ. ಅವನ ಹೆಸರಿನ ಶೈಲಿಯ ಮೇಜು ಕುರ್ಚಿಗಳು ಪ್ಯಾರಿಸಿನ ಕಾರ್ಖಾನೆಗಳಲ್ಲಿ 1760ರ ದಶಕದಲ್ಲೇ ತಯಾರಾಗುತ್ತಿದ್ದವು. ಆಗ ಅವನಿನ್ನೂ ಹುಡುಗ. ಬಡಗಿ ಮಾಡಿಟ್ಟ ಮೇಲೆ ರಾಜ ಬಂದು ಹೆಸರು ಹಾಕಿಸಿಕೊಂಡ ಹಾಗಾಯಿತು. ಅವನಾದರೂ ಹಾಕಿಸಿಕೊಂಡನೋ ಎಂದರೆ ಅದೂ ಇಲ್ಲ. ರಾಜರ ಹೆಸರಿನಿಂದ ಮಾಲು ಚೆನ್ನಾಗಿ ಮಾರಾಟವಾಗುತ್ತದೆಂದು ಅನಂತರದ ವ್ಯಾಪಾರ ಆ ಹೆಸರನ್ನು ಗಟ್ಟಿಮಾಡಿತು.

ಹಾಗಾದರೆ ಮಾಡಿದವರು ಯಾರು?

ಪ್ಯಾರಿಸಿನ ಪೂರ್ವಕ್ಕೆ, ಬ್ಯಾಸ್ಟಿಲ್ ಕೋಟೆಯ ಆಚೆಗೆ, ಸೇಂತ್ ಆಂತ್ವಾನ್ ಎಂಬ ಕೇರಿ. ಸೇನ್ ನದಿಯಲ್ಲಿ ತೇಲಿಬಂದ ಮರ ಇಳಿಯುತ್ತಿದ್ದ ಜಾಗಕ್ಕೆ ಹತ್ತಿರ. ಪ್ಯಾರಿಸಿನೊಳಗೆ ಕಸಬು ಮಾಡಬೇಕಾದರೆ ಬಡಗಿಗಳ ಸಂಘದ ಅಪ್ಪಣೆ ಬೇಕು. ಸಂಘ ಎಂದೊಡನೆ ನಮ್ಮ ಕಾರ್ಮಿಕ ಸಂಘವೆಂದು ತಿಳಿಯಬೇಡಿ. ಅದು ಯಜಮಾನರ ಕಟ್ಟು. ಆರು ವರ್ಷ ಶಿಷ್ಯನಾಗಿ ದುಡಿಯಬೇಕು, ಆಮೇಲೆ ಕನಿಷ್ಠ ಮೂರು ವರ್ಷ ಕೂಲಿ ಕೆಲಸಗಾರನಾಗಿರಬೇಕು, ಪರೀಕ್ಷೆಗೆಂದು ಒಂದು ಸಾಮಾನು ಮಾಡಿ ತೋರಿಸಬೇಕು, ಶುಲ್ಕ ಕಟ್ಟಬೇಕು. ಯಜಮಾನನ ಮಗನಾದರೆ ಶುಲ್ಕ ಕಡಿಮೆ, ಹೊರಗಿನವನಾದರೆ ಹೆಚ್ಚು. ಎಷ್ಟೋ ಮಂದಿ ಕೈಯಲ್ಲಿ ಕೆಲಸ ಇದ್ದೂ ಹಣವಿಲ್ಲದೆ ಸಾಯುವತನಕ ಕೂಲಿಯವರಾಗಿಯೇ ಉಳಿದರು. ಸೇಂತ್ ಆಂತ್ವಾನ್ ಕೇರಿ ಮಾತ್ರ ಒಂದು ಮಠದ ಉಂಬಳಿ. ಅಲ್ಲಿ ಸಂಘದ ಆಳ್ವಿಕೆ ನಡೆಯುವುದಿಲ್ಲವೆಂದು ರಾಜರ ಸನ್ನದು ಇತ್ತು. 1657ರಲ್ಲಿ ಅದು ಮತ್ತೆ ಖಾಯಂ ಆಯಿತು. ಅಪ್ಪಣೆ ಸಿಕ್ಕದವರು, ಶುಲ್ಕ ಕಟ್ಟಲಾರದವರು, ಜರ್ಮನಿ ಫ್ಲಾಂಡರ್ಸ್ ಕಡೆಯಿಂದ ಹೊಟ್ಟೆಪಾಡಿಗಾಗಿ ನಡೆದು ಬಂದವರು ಎಲ್ಲರೂ ಅಲ್ಲಿಗೆ ಸೇರಿದರು. ಮರ ಕೊಯ್ಯುವವನು, ಚೌಕಟ್ಟು ಕಟ್ಟುವವನು, ಹೂಬಳ್ಳಿ ಕೆತ್ತುವವನು, ತೆಳು ಹಾಳೆ ಅಂಟಿಸುವವನು, ಹಿತ್ತಾಳೆ ಎರಕದವನು, ಮೆರುಗು ಹಾಕುವವನು ಎಂದು ಕೆಲಸ ಹಂಚಿಹೋಗಿತ್ತು. ನೂಲು ತೆಗೆಯುವ ಖಾತೆ, ನೇಯುವ ಖಾತೆ ಎಂದು ನಿಮ್ಮ ಗಿರಣಿಯಲ್ಲಿ ಇರುವ ಹಾಗೆಯೇ. ಆದರೆ ಎಲ್ಲ ಕೈಯಿಂದ.

ಅವರ ಕೈಚಳಕದ ಒಂದು ಉದಾಹರಣೆ ಹೇಳುತ್ತೇವೆ. ಬೂಲ್ ಎಂಬವನ ಹೆಸರಿನಿಂದ ಪ್ರಸಿದ್ಧವಾದ ಕೆಲಸವಿದು. ಬೂಲ್ ಹುಟ್ಟಿದ್ದು 1642ರಲ್ಲಿ, ತೀರಿಕೊಂಡದ್ದು 1732ರಲ್ಲಿ. ಆಮೆಚಿಪ್ಪಿನ ಒಂದು ಹಾಳೆ, ಹಿತ್ತಾಳೆಯ ಒಂದು ತಗಡು, ಎರಡನ್ನೂ ಒಂದರ ಮೇಲೊಂದಿಟ್ಟು ಸಣ್ಣ ಗರಗಸದಿಂದ ಒಟ್ಟಿಗೇ ಹೂಬಳ್ಳಿ ಕೊರೆಯುವುದು. ಹಿತ್ತಾಳೆಯ ಹೂವನ್ನು ಚಿಪ್ಪಿನ ಬಯಲಿಗೆ ಕೂರಿಸಿದರೆ ಒಂದು ಬೀರುವಿಗಾಯಿತು. ಉಳಿದ ಚಿಪ್ಪಿನ ಹೂವನ್ನು ಹಿತ್ತಾಳೆಯ ಬಯಲಿಗೆ ಕೂರಿಸಿದರೆ ಅದರ ಜೋಡಿಗಾಯಿತು. ಎಳ್ಳಷ್ಟೂ ಚೂರು ದಂಡವಿಲ್ಲ. ಒಂದು ತಾನಿನಲ್ಲಿ ಎಷ್ಟು ಅಂಗಿ ಬರುತ್ತದೆಂದು ಲೆಕ್ಕ ಹಾಕುವ ಬಟ್ಟೆ ವರ್ತಕರಿಗೆ ಇದರ ಬೆಲೆ ಗೊತ್ತಾಗುತ್ತದೆ.

1743ರಲ್ಲಿ ಸಂಘ ಒಂದು ನಿಯಮ ತಂದಿತು. 1751ರಿಂದ ಅದು ಜಾರಿಗೆ ಬಂತು. ಯಜಮಾನ ಬಡಗಿ ತಾನು ಮಾಡಿದ ಸಾಮಾನಿನ ಮೇಲೆ ತನ್ನ ಹೆಸರಿನ ಮುದ್ರೆ ಒತ್ತಬೇಕು. ಎಲ್ಲಿ? ಕಣ್ಣಿಗೆ ಬೀಳದ ಕಡೆ: ಕುರ್ಚಿಯ ಕೆಳಗೆ, ಪೆಟ್ಟಿಗೆಯ ಹಿಂದೆ. ಇಂದು ಪ್ಯಾರಿಸಿನಲ್ಲೋ ಲಂಡನ್ನಿನಲ್ಲೋ ಹಳೆಯ ಕುರ್ಚಿ ಕೊಳ್ಳುವ ಶ್ರೀಮಂತ ಮೊದಲು ಅದನ್ನು ತಲೆಕೆಳಗು ಮಾಡಿ ನೋಡುತ್ತಾನೆ. ಮುದ್ರೆಯಿದ್ದರೆ ಬೆಲೆ ಏರುತ್ತದೆ. ಆದರೆ ಆ ಮುದ್ರೆಯೂ ಯಜಮಾನನದು. ಅವನ ಕೈಕೆಳಗೆ ದುಡಿದವರ ಗುರುತು ಉಳಿಯ ಗೀರಿನಲ್ಲಿ ಉಂಟೇ ಹೊರತು ಹೆಸರಿನಲ್ಲಿ ಇಲ್ಲ. ಸೇಂತ್ ಆಂತ್ವಾನಿನಲ್ಲಿ ಸಂಘದ ಹೊರಗೆ ದುಡಿದವರಿಗೆ ಮುದ್ರೆಯೂ ಇಲ್ಲ.

ಈಗ ಆ ಬ್ಯೂರೋ ಕಥೆಗೆ ಬರೋಣ. 1760ರಲ್ಲಿ 15ನೆಯ ಲೂಯಿಗಾಗಿ ಒಂದು ಬರೆಯುವ ಮೇಜು ಶುರುವಾಯಿತು. ಒಪ್ಪಿಕೊಂಡವನು ಓಬೆನ್, ಜರ್ಮನಿಯಿಂದ ಬಂದ ಬಡಗಿ. ಮೂರು ವರ್ಷದಲ್ಲಿ ಅವನು ತೀರಿಕೊಂಡ. ಅವನ ಕಾರ್ಖಾನೆಯಲ್ಲಿ ಕೂಲಿಯಾಳಾಗಿದ್ದ ರೀಸ್‌ನೆರ್ ಎಂಬ ಇನ್ನೊಬ್ಬ ಜರ್ಮನ್ ಹುಡುಗ ಕೆಲಸ ಮುಂದುವರಿಸಿದ. ಓಬೆನ್ನನ ವಿಧವೆಯನ್ನೇ ಮದುವೆಯಾದ. 1769ರಲ್ಲಿ ಮೇಜು ಮುಗಿಸಿ ತನ್ನ ಹೆಸರು ಹಾಕಿದ. ಒಂಬತ್ತು ವರ್ಷದ ಕೆಲಸ. ಮುಚ್ಚಳ ಉರುಳಿಕೊಂಡು ಒಳಗೆ ಸರಿಯುತ್ತದೆ. ಒಂದು ಕೀಲಿ ತಿರುಗಿಸಿದರೆ ಮುಚ್ಚಳ, ಖಾನೆಗಳು ಎಲ್ಲ ಒಟ್ಟಿಗೆ ಬೀಗ ಬೀಳುತ್ತವೆ. ರಾಜನ ಕಾಗದಪತ್ರ ಆಳುಗಳ ಕಣ್ಣಿಗೆ ಬೀಳದೆ ಶಾಯಿ ತುಂಬಲು ಪಕ್ಕದಲ್ಲಿ ಬೇರೆ ಖಾನೆ. ಖರ್ಚು 60 ಸಾವಿರ ಲಿವ್ರ್‌ಗೂ ಹೆಚ್ಚು. ಇದನ್ನು ನಾವು ನೀವು ತಿಳಿಯುವ ಲೆಕ್ಕದಲ್ಲಿ ಹೇಳಬೇಕಾದರೆ: ಒಂದು ಲಿವ್ರ್‌ಗೆ 20 ಸೂ. ಆ ಕಾಲದ ಪ್ಯಾರಿಸಿನಲ್ಲಿ ನುರಿತ ಕಸಬುದಾರನ ದಿನಗೂಲಿ 40 ಸೂ ಎಂದೇ ಹಿಡಿಯಿರಿ. ವರ್ಷಕ್ಕೆ 300 ದಿನ ದುಡಿದರೆ ಆ ಮೇಜಿನ ಬೆಲೆ ಗಳಿಸಲು ಅವನಿಗೆ 100 ವರ್ಷ ಬೇಕು, ಅದೂ ಉಣ್ಣದೆ.

ಉಣ್ಣುವ ಮಾತು ಬಂದದ್ದರಿಂದ ಹೇಳುತ್ತೇವೆ. 1789ರ ಮೊದಲ ತಿಂಗಳುಗಳಲ್ಲಿ ಪ್ಯಾರಿಸಿನಲ್ಲಿ ನಾಲ್ಕು ಪೌಂಡಿನ ರೊಟ್ಟಿಗೆ 14½ ಸೂ ಆಯಿತು. ಕೂಲಿ 20, 25 ಸೂ ಇದ್ದವನ ಮನೆಯಲ್ಲಿ ರೊಟ್ಟಿಗೇ ಅರ್ಧಕ್ಕೂ ಹೆಚ್ಚು ಕೂಲಿ ಹೋಯಿತು. ಏಪ್ರಿಲ್ 27, 28ರಂದು ಸೇಂತ್ ಆಂತ್ವಾನ್ ಕೇರಿಯಲ್ಲಿ ದಂಗೆ ಎದ್ದಿತು. ಗೋಡೆಗಂಟಿಸುವ ಬಣ್ಣದ ಕಾಗದದ ಕಾರ್ಖಾನೆಯ ಯಜಮಾನನೊಬ್ಬ ಕೆಲಸಗಾರ 15 ಸೂನಲ್ಲಿ ಬದುಕಬಹುದೆಂದು ಹೇಳಿದನೆಂಬ ಸುದ್ದಿ ಹಬ್ಬಿ, ಜನ ಅವನ ಮನೆಗೆ ನುಗ್ಗಿದರು. ಸೈನಿಕರು ಗುಂಡು ಹಾರಿಸಿದರು. ಬೀದಿಯಲ್ಲಿ ಹೆಣಗಳು ಬಿದ್ದವು. ಎರಡೂವರೆ ತಿಂಗಳ ಮೇಲೆ, ಜುಲೈ 14ರಂದು, ಅದೇ ಕೇರಿಯ ಜನ ತಮ್ಮ ತಲೆಯ ಮೇಲೆ ನಾಲ್ಕು ನೂರು ವರ್ಷದಿಂದ ನಿಂತಿದ್ದ ಬ್ಯಾಸ್ಟಿಲ್ ಕೋಟೆಯನ್ನು ಹಿಡಿದರು. ಹಿಡಿದವರ ಪಟ್ಟಿ ಮಾಡಿ ಗೌರವಿಸಿದ್ದುಂಟು. ಆ ಪಟ್ಟಿಯಲ್ಲಿ ಕಸಬು ಬರೆದಿರುವವರನ್ನು ಎಣಿಸಿ ನೋಡಿದ ಚರಿತ್ರಕಾರರು ಮರಗೆಲಸದವರೇ ಎಲ್ಲರಿಗಿಂತ ಹೆಚ್ಚೆಂದು ಕಂಡರು. ಬಡಗಿಗಳು, ಬೀರು ಮಾಡುವವರು ಸೇರಿ ನೂರರ ಸುಮಾರು. ಲೂಯಿಗಳ ಕುರ್ಚಿ ಮಾಡಿದ ಕೈಗಳೇ ಲೂಯಿಯ ಕೋಟೆಯ ಬಾಗಿಲು ಒಡೆದವು.

ಆಮೇಲೆ? ನಮ್ಮ ಶಾಲೆಯ ಪುಸ್ತಕಗಳು ಇಲ್ಲಿಗೆ ಜಯಕಾರ ಹಾಕಿ ಪುಟ ತಿರುಗಿಸುತ್ತವೆ. ನಾವು ತಿರುಗಿಸಬಾರದು. 1791ರ ಮಾರ್ಚಿಯಲ್ಲಿ ಯಜಮಾನರ ಸಂಘಗಳನ್ನು ರದ್ದುಮಾಡಿದರು. ಒಳ್ಳೆಯದೇ ಆಯಿತು, ಶುಲ್ಕವಿಲ್ಲ, ಯಾರು ಬೇಕಾದರೂ ಕಸಬು ಮಾಡಬಹುದು. ಅದೇ ವಸಂತದಲ್ಲಿ ಪ್ಯಾರಿಸಿನ ಕಟ್ಟಡದ ಬಡಗಿಗಳು ಕೂಡಿ, ದಿನಕ್ಕೆ 50 ಸೂಗೆ ಕಡಿಮೆ ಕೂಲಿ ಒಲ್ಲೆವೆಂದು ಕೇಳಿದರು. ಗುತ್ತಿಗೆದಾರರು ಓಡಿಹೋಗಿ ದೂರು ಕೊಟ್ಟರು. ಜೂನ್ 14ರಂದು ಶಪಲಿಯೆ ಎಂಬ ಸದಸ್ಯ ತಂದ ಶಾಸನ ಪಾಸಾಯಿತು: ಒಂದೇ ಕಸಬಿನವರು ಕೂಡಿ ಸಭೆ ಸೇರಬಾರದು, ಅಧ್ಯಕ್ಷರನ್ನು ಆರಿಸಬಾರದು, ಕೂಲಿಯ ಬಗ್ಗೆ ಒಟ್ಟಾಗಿ ನಿರ್ಣಯ ಮಾಡಬಾರದು. ಸ್ವಾತಂತ್ರ್ಯದ ಹೆಸರಿನಲ್ಲಿಯೇ ಇದು ನಡೆಯಿತು. ಕೋಟೆ ಬಿದ್ದು ಎರಡು ವರ್ಷ ತುಂಬಲು ಇನ್ನೂ ಒಂದು ತಿಂಗಳು ಬಾಕಿಯಿತ್ತು. ಫ್ರಾನ್ಸಿನಲ್ಲಿ ಮುಷ್ಕರ ಹೂಡುವುದು ಅಪರಾಧವಲ್ಲವೆಂದಾದದ್ದು 1864ರಲ್ಲಿ. ಕಾರ್ಮಿಕ ಸಂಘ ಕಟ್ಟಲು ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1884ರಲ್ಲಿ. ನಡುವಣ 93 ವರ್ಷ ಎಂದರೆ ಮೂರು ತಲೆಮಾರು.

ರೀಸ್‌ನೆರನ ಗತಿ ಏನಾಯಿತೆಂದು ಕೇಳುವವರಿದ್ದೀರಿ. ಅವನು ರಾಜನ ಖಾಸಾ ಬಡಗಿಯಾಗಿ, 1774ರಿಂದ ಹತ್ತು ವರ್ಷ ವರ್ಷಕ್ಕೆ ಸರಾಸರಿ 1 ಲಕ್ಷ ಲಿವ್ರ್ ಕೆಲಸ ಪಡೆದಿದ್ದ. ಅವನು ದೊಡ್ಡ ಯಜಮಾನ, ಅವನಿಗಾಗಿ ನಾವು ಕಣ್ಣೀರಿಡಬೇಕಾಗಿಲ್ಲ. ಆದರೂ ಕಥೆ ಕೇಳಿ. 1793ರ ಆಗಸ್ಟಿನಿಂದ ಒಂದು ವರ್ಷ ಕಾಲ ವರ್ಸೇಲ್ಸ್ ಅರಮನೆಯ ಸಾಮಾನುಗಳ ಹರಾಜು ನಡೆಯಿತು, 17 ಸಾವಿರಕ್ಕೂ ಮಿಕ್ಕ ಬಾಬುಗಳು. ರೀಸ್‌ನೆರ್ ತಾನು ಮಾಡಿದ ಸಾಮಾನುಗಳನ್ನು ತಾನೇ ಕೊಂಡುಕೊಂಡ, ಮತ್ತೆ ಮಾರಿ ಲಾಭ ಮಾಡಬಹುದೆಂದು. ಕೊಳ್ಳುವವರೇ ಇರಲಿಲ್ಲ. ಅವನ ಗಿರಾಕಿಗಳೆಲ್ಲ ದೇಶ ಬಿಟ್ಟು ಓಡಿದ್ದರು, ಇಲ್ಲವೆ ತಲೆ ಕಳೆದುಕೊಂಡಿದ್ದರು. ಹೊಸ ಸರ್ಕಾರ ಅವನಿಗೊಂದು ಕೆಲಸ ಕೊಟ್ಟಿತು: ತಾನೇ ಕೂರಿಸಿದ್ದ ರಾಜಚಿಹ್ನೆಗಳನ್ನು ತಾನೇ ಕಿತ್ತುಹಾಕುವುದು. ಆ ದೊಡ್ಡ ಬ್ಯೂರೋದ ಮೇಲಿದ್ದ ರಾಜನ ಅಂಕಿತವೂ ಹೋಗಿ, ಆ ಜಾಗಕ್ಕೆ ಪಿಂಗಾಣಿಯ ಬಿಲ್ಲೆಗಳು ಬಂದವು. ಮೇಜು ಈಗಲೂ ವರ್ಸೇಲ್ಸಿನಲ್ಲಿದೆ, ಬಿಲ್ಲೆಗಳೂ ಇವೆ. ರೀಸ್‌ನೆರ್ 1806ರಲ್ಲಿ ಬಡತನದಲ್ಲಿ ಸತ್ತ. ಇನ್ನೊಂದು ಮಾತು: ಮೊದಲ ಬಡಗಿ ಓಬೆನ್ನನ ಮಗಳ ಮಗನೇ ಡೆಲಾಕ್ರುವಾ. 1830ರಲ್ಲಿ ಬಾವುಟ ಹಿಡಿದ ಹೆಂಗಸು ಜನರನ್ನು ಹೆಣಗಳ ಮೇಲಿಂದ ಮುನ್ನಡೆಸುವ ಚಿತ್ರ ಬರೆದವನು. ಆ ಚಿತ್ರವನ್ನು ಎಷ್ಟೋ ಕಾರ್ಮಿಕ ಕಚೇರಿಗಳ ಗೋಡೆಯ ಮೇಲೆ ನೋಡಬಹುದು.

ಇಂಗ್ಲೆಂಡಿನ ವಿಷಯ ಸಂಕ್ಷೇಪವಾಗಿ ಹೇಳುತ್ತೇವೆ. ಅಲ್ಲಿ ಒಂದು ಶೈಲಿಗೆ ಮೊದಲ ಸಲ ರಾಜನದ್ದಲ್ಲದೆ ಬಡಗಿಯ ಹೆಸರು ನಿಂತಿತು: ಚಿಪ್ಪೆಂಡೇಲ್. ಯಾರ್ಕ್‌ಷೈರಿನ ಓಟ್ಲಿ ಎಂಬ ಸಣ್ಣ ಊರಿನವನು, 1718ರಲ್ಲಿ ಹುಟ್ಟಿದವನು. 1754ರಲ್ಲಿ ಅವನು ತನ್ನ ಮಾದರಿಗಳ ಚಿತ್ರಗಳನ್ನು ಪುಸ್ತಕ ಮಾಡಿ ಮಾರಿದ. ಅದನ್ನು ನೋಡಿ ಯಾವ ಊರಿನ ಬಡಗಿಯಾದರೂ ಮಾಡಬಹುದಾಗಿತ್ತು, ಮಾಡಿದರು. ಹೆಸರು ಉಳಿದದ್ದು ಪುಸ್ತಕದಿಂದ. ಮರುವರ್ಷವೇ ಅವನ ಕಾರ್ಖಾನೆಗೆ ಬೆಂಕಿ ಬಿದ್ದಾಗ 22 ಮಂದಿ ಕೆಲಸಗಾರರ ಆಯುಧಗಳ ಪೆಟ್ಟಿಗೆಗಳು ಅಲ್ಲಿದ್ದವೆಂದು ಆಗಿನ ಪತ್ರಿಕೆ ಬರೆಯಿತು. ಬಡಗಿಗೆ ಅವನ ಉಳಿ, ಗರಗಸದ ಪೆಟ್ಟಿಗೆಯೇ ಆಸ್ತಿ. ಆ 22 ಜನರ ಲೆಕ್ಕ ಸಿಕ್ಕುತ್ತದೆ, ಹೆಸರು ಸಿಕ್ಕುವುದಿಲ್ಲ. ಅವರು ಬಳಸಿದ ಮಹಾಗನಿ ಮರ ಎಲ್ಲಿಂದ ಬರುತ್ತಿತ್ತು? 1721ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಸಾಹತುಗಳ ಮರಕ್ಕೆ ಸುಂಕ ತೆಗೆದ ಮೇಲೆ ಜಮೈಕಾದಿಂದ ಹಡಗುಗಟ್ಟಲೆ ಬಂತು. ಅಲ್ಲಿ ಅದನ್ನು ಕಡಿದು ಎಳೆದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ನುಣ್ಣನೆಯ ಕೆಂಪು ಮರ, ಲಂಡನ್ನಿನ ಊಟದ ಮೇಜು. ಅದರ ಬೇರು ಇಲ್ಲಿದೆ. ಇಷ್ಟಾಗಿ ಚಿಪ್ಪೆಂಡೇಲನೇನೂ ಸುಖವಾಗಿರಲಿಲ್ಲ. ಸಾಲ ಹೇಳಿ ಸಾಮಾನು ಒಯ್ದ ದೊಡ್ಡ ಮನುಷ್ಯರು ವರ್ಷಗಟ್ಟಲೆ ಹಣ ಕೊಡುತ್ತಿರಲಿಲ್ಲ. ಕೇಳಿಕೇಳಿ ಕಾಗದ ಬರೆಯಬೇಕು. ಚಿಲ್ಲರೆ ಅಂಗಡಿಯವರೇ, ಉದ್ರಿ ಖಾತೆಯ ಕಷ್ಟ ನಿಮಗೆ ಹೇಳಬೇಕೆ? ಅವನ ಮಗನ ಕಾಲದಲ್ಲಿ, 1804ರಲ್ಲಿ, ಅಂಗಡಿ ದಿವಾಳಿಯಾಯಿತು.

ಇನ್ನು ನಮಗೆಲ್ಲ ಹತ್ತಿರವಾದ ಕುರ್ಚಿಯ ಮಾತು. ಮುಂಬಯಿಯ ಇರಾಣಿ ಹೋಟಲುಗಳಲ್ಲಿ ಚಹಾ ಕುಡಿದವರು ನಿಮ್ಮಲ್ಲಿ ಇರಬೇಕು. ಈಗ ಅಂಥವು ಕೆಲವೇ ಉಳಿದಿವೆ. ಅಲ್ಲಿ ದುಂಡನೆಯ ಮೇಜಿನ ಸುತ್ತ ಬಗ್ಗಿಸಿದ ಮರದ ಕಪ್ಪು ಕುರ್ಚಿಗಳಿರುತ್ತವೆ. ಬೆನ್ನು ಒಂದೇ ಕೋಲನ್ನು ಬಳಸಿ ಬಗ್ಗಿಸಿದ ಹಾಗೆ. ಆ ಕುಲದ ಮೂಲಪುರುಷ ಮಿಖಾಯೆಲ್ ಥೋನೆಟ್. 1796ರಲ್ಲಿ ಜರ್ಮನಿಯ ರೈನ್ ನದಿಯ ದಡದ ಬೊಪ್ಪಾರ್ಡ್ ಊರಿನಲ್ಲಿ ಹುಟ್ಟಿದ ಬಡಗಿ. ಮರವನ್ನು ಕಡಿದು ಕೆತ್ತಿ ಬಾಗು ತರುವ ಬದಲು, ಮರವನ್ನೇ ಬಗ್ಗಿಸಿದರೆ ಏನೆಂಬುದು ಅವನ ಯೋಚನೆ. ಮೊದಲು ತೆಳು ಪಟ್ಟಿಗಳನ್ನು ಅಂಟಿನಲ್ಲಿ ಬೇಯಿಸಿ ಬಗ್ಗಿಸಿದ. ಊರಿನಲ್ಲಿ ಸಾಲ ಬೆಳೆದು ಸಾಲಗಾರರು ಎಲ್ಲ ಹಿಡಿದುಕೊಂಡರು. 1842ರಲ್ಲಿ ವಿಯೆನ್ನಾಕ್ಕೆ ಹೋದ. ಕರೆಸಿಕೊಂಡವನು ಆಸ್ಟ್ರಿಯದ ಮಂತ್ರಿ ಮೆಟರ್ನಿಕ್, ಯೂರೋಪಿನ ಜನತೆಯ ಹಕ್ಕುಗಳನ್ನೆಲ್ಲ ಹಿಚುಕಿ ಹಾಕಿದವನು. ಒಳ್ಳೆಯ ಕುರ್ಚಿಯ ಗುರುತು ಅವನಿಗಿತ್ತು, ಇದನ್ನು ಒಪ್ಪಲೇಬೇಕು.

ಥೋನೆಟ್ ಕಂಡುಕೊಂಡ ಉಪಾಯ ಇದು. ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದರೆ ಒಳಮಗ್ಗುಲು ಕುಗ್ಗುತ್ತದೆ, ಹೊರಮಗ್ಗುಲು ಹಿಗ್ಗಬೇಕಾಗುತ್ತದೆ. ಬೆಂದ ಮರ ಕುಗ್ಗುವುದಕ್ಕೆ ಒಪ್ಪುತ್ತದೆ, ಹಿಗ್ಗುವುದಕ್ಕೆ ಒಪ್ಪದೆ ಸೀಳುತ್ತದೆ. ಅವನು ಹೊರಮಗ್ಗುಲಿಗೆ ಒಂದು ಉಕ್ಕಿನ ಪಟ್ಟಿಯನ್ನು ಎರಡು ತುದಿಯಲ್ಲೂ ಬಿಗಿದ. ಪಟ್ಟಿ ಹಿಗ್ಗುವುದಿಲ್ಲ, ಆದ್ದರಿಂದ ಮರವೂ ಹಿಗ್ಗುವಂತಿಲ್ಲ; ಬಾಗಬೇಕಾದುದೆಲ್ಲ ಒಳಗೇ ಕುಗ್ಗಿ ಬಾಗಿತು. ಹಬೆಯಿಂದ ತೆಗೆದ ಬಿಸಿ ಬೀಚ್ ಮರದ ಕೋಲನ್ನು ಕೆಲಸಗಾರರು ಆರುವ ಮುಂಚೆ, ನಿಮಿಷಗಳಲ್ಲಿ, ಕಬ್ಬಿಣದ ಅಚ್ಚಿಗೆ ಸುತ್ತಿ ಬಿಗಿಯಬೇಕು. ಆಮೇಲೆ ಅಚ್ಚಿನ ಸಮೇತ ಒಣಗಿಸುವ ಕೋಣೆಗೆ. 1856ರಲ್ಲಿ ಇದಕ್ಕೆ 13 ವರ್ಷದ ಸನ್ನದು ಸಿಕ್ಕಿತು. ಕಾರ್ಖಾನೆ ಹಾಕಿದ್ದು ವಿಯೆನ್ನಾದಲ್ಲಲ್ಲ. ಮೊರಾವಿಯದ ಕೊರಿಚಾನಿ ಎಂಬ ಊರಿನಲ್ಲಿ, ಈಗಿನ ಚೆಕ್ ದೇಶದಲ್ಲಿ. ಸುತ್ತ ಬೀಚ್ ಕಾಡು, ಕೂಲಿ ಅಗ್ಗ. ಬಂಡವಾಳಕ್ಕೆ ಈ ಎರಡೇ ದಿಕ್ಕು ಗೊತ್ತು.

1859ರಲ್ಲಿ 14ನೆಯ ನಂಬರಿನ ಕುರ್ಚಿ ಬಂತು. ರಾಜನ ಹೆಸರಿಲ್ಲ, ಬರಿಯ ನಂಬರು. ಲೂಯಿಯೂ 14, ಇದೂ 14. ಆದರೆ ಎಷ್ಟು ದೂರ ನೋಡಿ! ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು, ಇಷ್ಟೇ. ಅಂಟಿಲ್ಲ, ಕೆತ್ತನೆಯಿಲ್ಲ. ಬಿಚ್ಚಿ ಇಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತವೆ. ಹಡಗಿನಲ್ಲಿ ಬಂದದ್ದನ್ನು ಸ್ಕ್ರೂ ತಿರುಗಿಸುವುದು ಬಲ್ಲ ಯಾರು ಬೇಕಾದರೂ ಜೋಡಿಸಬಹುದು. ಹೋಟಲಿನವರಿಗೆ ಬೇಕಾದದ್ದೇ ಇದು: ಹಗುರ, ಗಟ್ಟಿ, ಅಗ್ಗ, ಚಹಾ ಚೆಲ್ಲಿದರೂ ಬೆತ್ತದ ಹೆಣಿಗೆಯಲ್ಲಿ ಇಳಿದುಹೋಗುತ್ತದೆ. 1930ರ ಹೊತ್ತಿಗೆ ಇಂಥ 5 ಕೋಟಿ ಕುರ್ಚಿ ಮಾರಾಟವಾಗಿತ್ತು. ಡಚೆಸ್‌ಗೆ ಕೂಡ ಸಿಕ್ಕದಿದ್ದ ಬೆನ್ನಿರುವ ಕುರ್ಚಿ ಒಂದು ಕಪ್ಪು ಕಾಫಿಯ ದುಡ್ಡಿರುವ ಯಾರಿಗೆ ಬೇಕಾದರೂ ಸಿಕ್ಕಿತು. ಇದನ್ನು ನಾವು ಸಣ್ಣ ವಿಷಯವೆಂದು ತಿಳಿಯುವುದಿಲ್ಲ. ಯಂತ್ರವನ್ನು ಬೈಯುವವರು ಇದನ್ನು ಮರೆಯಬಾರದು.

ಆದರೆ ಕಾರ್ಖಾನೆಯೊಳಗೆ? ಓಬೆನ್ನನ ಕಾಲದ ಬಡಗಿಗೆ ಒಂದು ಮೇಜು ಹುಟ್ಟಿನಿಂದ ಕೊನೆಯವರೆಗೆ ಗೊತ್ತಿತ್ತು. ಇಲ್ಲಿ ಬಗ್ಗಿಸುವವನು ದಿನವೆಲ್ಲ ಬಗ್ಗಿಸುತ್ತಾನೆ. ಉಜ್ಜಿ ನುಣುಪು ಮಾಡುವುದು, ಮೆರುಗು ಹಚ್ಚುವುದು, ಬೆತ್ತ ಹೆಣೆಯುವುದು ಹೆಂಗಸರ ಪಾಲು. ಹೆಣೆಯುವ ಕೆಲಸ ಹಳ್ಳಿಯ ಮನೆಗಳಿಗೂ ಹೋಗುತ್ತಿತ್ತು. ಅವರಲ್ಲಿ ಯಾರೂ ಬಡಗಿಯಲ್ಲ. ಬಡಗಿಯ ವಿದ್ಯೆ ಅಚ್ಚಿನೊಳಗೆ ಸೇರಿಹೋಗಿತ್ತು. ಮಗ್ಗದ ಮನೆಯಿಂದ ಗಿರಣಿಗೆ ಬಂದ ನಿಮ್ಮ ಅಜ್ಜಂದಿರಿಗೆ ಆದದ್ದು ಇದೇ. ಸನ್ನದಿನ ಅವಧಿ 1869ರಲ್ಲಿ ಮುಗಿದ ಕೂಡಲೆ ಬೇರೆ ಕಂಪನಿಗಳೂ ಅದನ್ನೇ ಮಾಡತೊಡಗಿದವು, ಕಾಡು ಕೂಲಿ ಎರಡಕ್ಕೂ ಪೈಪೋಟಿ ಹತ್ತಿತು.

ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಎಂಬ ಸಮಾಜವಾದಿ ಯಂತ್ರದ ಸಾಮಾನಿನ ಮೇಲೆ ಸಿಟ್ಟಾಗಿ 1861ರಲ್ಲಿ ಕೈಕೆಲಸದ ಕಂಪನಿ ತೆರೆದಿದ್ದ. ಮನುಷ್ಯನಿಗೆ ದುಡಿಮೆಯಲ್ಲಿ ಸುಖವಿರಬೇಕೆಂಬುದು ಅವನ ವಾದ, ಅದು ನಮ್ಮ ವಾದವೂ ಹೌದು. ಆದರೆ ಒಳ್ಳೆಯ ಕೂಲಿ ಕೊಟ್ಟು ಕೈಯಿಂದ ಮಾಡಿಸಿದ್ದರ ಬೆಲೆ ಏರಿ, ಅವನ ಸಾಮಾನು ಹೆಚ್ಚಾಗಿ ಶ್ರೀಮಂತರ ಮನೆಗೇ ಸೇರಿತು. ಆ ಸಂಕಟ ಅವನನ್ನು ಕೊನೆಯವರೆಗೆ ಕಾಡಿತು.

ಇನ್ನು ನಮ್ಮ ದೇಶದ ಸಂಗತಿ ಒಂದನ್ನು ಹೇಳದೆ ಮುಗಿಸಲಾರೆವು. ಥೋನೆಟ್ಟನ ಕುರ್ಚಿಗಳನ್ನು ಬಹಳ ಮೆಚ್ಚಿಕೊಂಡು 1925ರ ಪ್ಯಾರಿಸ್ ಪ್ರದರ್ಶನದಲ್ಲಿ ತನ್ನ ಮಾದರಿ ಮನೆಯಲ್ಲಿ ಇಟ್ಟವನು ಲ ಕಾರ್ಬುಸಿಯೆ. ನಮ್ಮ ಚಂಡೀಗಢದ ನಕ್ಷೆ ತೆಗೆದವನೂ ಅವನೇ. ಆ ಊರಿನ ಕಚೇರಿ, ಕಾಲೇಜು, ಗ್ರಂಥಾಲಯಗಳಿಗೆ ಬೇಕಾದ ಕುರ್ಚಿಗಳ ಮಾದರಿಯನ್ನು 1950ರ ದಶಕದಲ್ಲಿ ಅವನ ದಾಯಾದಿ ಪಿಯೆರ್ ಜಾನ್ರೆ ಮತ್ತು ಜೊತೆಯವರು ಹಾಕಿದರು. ತೇಗದ ಮರ, ಬೆತ್ತದ ಹೆಣಿಗೆ, ತಿರುವುಮುರುವಾದ ವಿ ಅಕ್ಷರದಂಥ ಕಾಲು. ಮಾಡಿದವರು ಆ ಕಡೆಯ ಬಡಗಿಗಳು, ಸಾವಿರಾರು ಕುರ್ಚಿ. ದಶಕಗಳ ಕಾಲ ಗುಮಾಸ್ತರು ಅವುಗಳ ಮೇಲೆ ಕೂತು ಸವೆಸಿದರು. ಆಮೇಲೆ ಕಾಲು ಮುರಿದವು, ಬೆತ್ತ ಹರಿದವು ತಾರಸಿಯ ಮೇಲೆ ರಾಶಿ ಬಿದ್ದು, ಸರ್ಕಾರ ಗುಜರಿ ಎಂದು ಹರಾಜು ಹಾಕಿತು. ಯೂರೋಪಿನ ವ್ಯಾಪಾರಿಗಳು ಬಂದು ಕೊಂಡು, ದುರಸ್ತಿ ಮಾಡಿಸಿ, ಪ್ಯಾರಿಸ್ ನ್ಯೂಯಾರ್ಕ್ ಹರಾಜುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಸರ್ಕಾರ ಎಚ್ಚೆತ್ತು, ಅವನ್ನು ಮಾರಕೂಡದೆಂದು ಆಜ್ಞೆ ಮಾಡಿತು. ಆ ಕುರ್ಚಿಗಳ ಹಿಂದೆ ಬಣ್ಣದಲ್ಲಿ ಇಲಾಖೆಯ ಹೆಸರು, ದಾಸ್ತಾನಿನ ನಂಬರು ಬರೆದಿರುತ್ತದೆ. ಅಸಲಿ ಮಾಲೆಂಬುದಕ್ಕೆ ಅದೇ ಸಾಕ್ಷಿಯೆಂದು ಕೊಳ್ಳುವವರು ಹುಡುಕುತ್ತಾರೆ. ಮಾರಾಟದ ಪಟ್ಟಿಯಲ್ಲಿ ಜಾನ್ರೆಯ ಹೆಸರಿದೆ. ಬಡಗಿಗಳ ಹೆಸರನ್ನು ಬರೆದಿಟ್ಟವರಿಲ್ಲ.

ಇದನ್ನೆಲ್ಲ ಓದುತ್ತಿದ್ದುದರಿಂದ, ಭಾಷಣಕ್ಕೆ ಏಳುವ ಮೊದಲು ನಾವು ಕೂತಿದ್ದ ಈ ಕುರ್ಚಿಯನ್ನೂ ತಲೆಕೆಳಗು ಮಾಡಿ ನೋಡಿದೆವು. ನೀವು ಕೆಲವರು ನಕ್ಕಿರಿ. ಕೆಳಗೆ ವಾಚನಾಲಯದ ಹೆಸರು, ನಂಬರು 7 ಎಂದು ಸುಣ್ಣದಲ್ಲಿ ಬರೆದಿದೆ, ಬೇರೇನೂ ಇಲ್ಲ. ವಿಚಾರಿಸಿದಾಗ ತಿಳಿಯಿತು, ಇದನ್ನು ಮಾಡಿದ ಬಡಗಿಯವರು ಇಲ್ಲಿಯೇ, ಹಿಂದಿನ ಗೋಡೆಗೆ ಒರಗಿ ಕೂತಿದ್ದಾರೆ. ಎಂಟು ಕುರ್ಚಿ ಮಾಡಿಕೊಟ್ಟರಂತೆ, ಐದರ ಹಣ ಬಂದಿದೆಯಂತೆ. ಕಾರ್ಯದರ್ಶಿಗಳು ನಮ್ಮ ಮಾತಿಗೆ ಬೇಸರ ಮಾಡಿಕೊಳ್ಳದೆ, ವಂದನಾರ್ಪಣೆಗೆ ಮೊದಲು ಆ ಮೂರು ಕುರ್ಚಿಯ ಲೆಕ್ಕವನ್ನು ಸಭೆಯ ಮುಂದೆ ಓದಲಿ. ನಾವು ಅಷ್ಟರವರೆಗೆ ಜಮಖಾನದ ಮೇಲೆ ಕೂರುತ್ತೇವೆ.